ಶಮಶೇರ ನೀರು ಕುಡಿದ ದಿನ

ಮೂಡಲಗಿಯ ಟೇಲರ್ ಶಮಶೇರನ ಪಾಲಿಗೆ ನೀರೆಂದರೆ ಬಟ್ಟೆ ತೊಳೆಯುವ ಪದಾರ್ಥ, ಅಷ್ಟೆ. ಬೆಳಗಿನಿಂದ ಸಂಜೆಯವರೆಗೆ ಚಹಾದ ಮೇಲೆ ಚಹಾ ಕುಡಿದು ಮಷಿನ್ ತುಳಿಯುತ್ತಿದ್ದ. ನೀರು ಕುಡಿದರೆ ಏಳಬೇಕಾಗುತ್ತದೆ, ಎದ್ದರೆ ಕೈಯಲ್ಲಿದ್ದ ಕೆಲಸ ಕೆಡುತ್ತದೆ ಎಂಬುದು ಅವನ ವಾದ. ಮಗಳು ಸಾನಿಯಾಳಿಗೆ ಬಂದಿದ್ದ ವರನ ಮನೆ ನೋಡಲು ಹುಕ್ಕೇರಿಗೆ ಹೋಗಬೇಕು ಎನ್ನುವ ಹಿಂದಿನ ದಿನವೇ, ಗಿರಾಕಿಯೊಬ್ಬರ ಎದೆಯಳತೆ ತೆಗೆಯುತ್ತಿದ್ದವನಿಗೆ ತಲೆ ಗಿರ್ರೆಂದಿತು, ಅವರನ್ನೇ ಅಪ್ಪಿಕೊಂಡು ಒರಗಿಬಿಟ್ಟ.

"ಬ್ಯಾನಿ ಏನೂ ಇಲ್ಲ. ಮೈಯಾಗ ನೀರಿಲ್ಲ. ನೀರ ಕುಡೀರಿ" ಎಂದರು ಡಾಕ್ಟರು.

ಆ ಮಾತು ಹೆಂಡತಿ ರಶೀದಾಬಿಯ ಕಿವಿಗೆ ಬಿದ್ದದ್ದೇ ತಡ, ಓಣಿಗೆಲ್ಲ ಸುದ್ದಿಯಾಯಿತು. ಮರುದಿನ ಶಮಶೇರ ಕಣ್ಣು ಬಿಡುವ ಮೊದಲೇ ತುಂಬಿದ ಚೊಂಬು ಅವನ ಮೂಗಿನ ಮುಂದಿತ್ತು. ಬಾಜೂಮನೆಯ ಫಕೀರವ್ವ ಜೀರಿಗೆ ಕುದಿಸಿದ ನೀರು ತಂದಳು. ಹಿರಿಯರಾಗಿ ಜೊತೆಗೆ ಹೊರಟಿದ್ದ ನಿವೃತ್ತ ವಿಜ್ಞಾನ ಮಾಸ್ತರ ಕಾಶಿನಾಥ ಅವರಂತೂ ಬಾಡಿಗೆಯ ಕ್ರೂಸರ್ ಗಾಡಿ ಹತ್ತಿದೊಡನೆ ಪಾಠ ಶುರು ಮಾಡಿದರು.

"ಮನಷ್ಯಾನ ಮೈಯಾಗ ಅರ್ಧಕ್ಕಿಂತ ಹೆಚ್ಚು ನೀರ ಐತಿ, ಶಮಶೇರ. ರಕ್ತ ಹರಿಯಾಕ ನೀರ ಬೇಕು. ತಿಂದದ್ದು ಪಚನ ಆಗಾಕ ನೀರ ಬೇಕು. ಬೆವತು ಮೈ ತಂಪಾಗಾಕ ನೀರ ಬೇಕು. ಒಳಗಿನ ಹೊಲಸ ಹೊರಗ ಹಾಕಾಕ ಮೂತ್ರಪಿಂಡಕ್ಕೂ ನೀರ ಬೇಕು."

"ಒಪ್ಪಿದೆ ಮಾಸ್ತರ" ಎನ್ನಲು ಶಮಶೇರ ಬಾಯಿ ತೆರೆದ. ತೆರೆದ ಬಾಯಿಗೆ ರಶೀದಾಬಿ ಬಾಟಲಿ ಹಿಡಿದಳು.

ಗೋಕಾಕ ದಾಟುವಷ್ಟರಲ್ಲಿ ಅವನ ಹೊಟ್ಟೆ ಮಾಳಿಗೆ ಮೇಲಿನ ನೀರಿನ ಟಾಕಿಯಂತಾಗಿತ್ತು. ರಸ್ತೆಯ ತಗ್ಗಿಗೊಮ್ಮೆ ಒಳಗಿಂದ ಗುಳುಗುಳು ಸದ್ದು ಬರುತ್ತಿತ್ತು. ಧುಪದಾಳದ ಹತ್ತಿರ ಬಂದಾಗ ಒಡ್ಡಿನ ಮೇಲಿಂದ ಧೋ ಎಂದು ಸುರಿಯುತ್ತಿದ್ದ ನದಿಯ ಸದ್ದು ಕಿವಿಗೆ ಬಿತ್ತು. ಶಮಶೇರ ಕಾಲ ಮೇಲೆ ಕಾಲು ಹಾಕಿದ, ಕಣ್ಣು ಮುಚ್ಚಿದ, ಕೊನೆಗೆ ಕಿವಿಯನ್ನೂ ಮುಚ್ಚಿಕೊಂಡ.

"ಸಾಗರ, ಒಂದೀಟ ಗಾಡಿ ನಿಂದ್ರಸಪಾ" ಎಂದು ಡ್ರೈವರನನ್ನು ಬೇಡಿಕೊಂಡ.

"ಇಲ್ಲೆ?" ರಶೀದಾಬಿ ಗದರಿದಳು. "ಎರಡೂ ಕಡೆ ಹೊಲದಾಗ ಹೆಣ್ಮಕ್ಕಳು ಕಸಾ ತಗ್ಯಾಕತ್ತಾರ. ಹುಕ್ಕೇರಿ ಮಂದಿ ಯಾರರ ನೋಡಿದ್ರ ಮರ್ಯಾದಿ ಉಳೀತೈತೇನ್ರಿ?"

"ಮೂತ್ರಪಿಂಡ ಚಲೋ ಕೆಲಸಾ ಮಾಡಾಕತ್ತಾವ" ಎಂದು ಮಾಸ್ತರರು ಸಮಾಧಾನಪಟ್ಟರು.

ಹುಕ್ಕೇರಿಯಲ್ಲಿ ವರನ ತಂದೆ ಅಖ್ತರ ಸಾಹೇಬರು ಅಪ್ಪಿಕೊಳ್ಳಲೆಂದು ತೋಳು ಚಾಚಿ ಬಾಗಿಲಲ್ಲೇ ನಿಂತಿದ್ದರು. ಶಮಶೇರ ಆ ತೋಳಿನ ಕೆಳಗಿಂದ ನುಸುಳಿ ಒಳಗೆ ಹೋದ. "ಎಲ್ಲೈತ್ರಿ?" ಎಂದಷ್ಟೇ ಕೇಳಿದ. ಅವರು ಗಾಬರಿಯಿಂದ ಹಿತ್ತಲ ಕಡೆಗೆ ಬೆರಳು ಮಾಡಿದರು.

ಹಗುರಾಗಿ ಬಂದು, ಸಲಾಮು ಮಾಡಿ ಕೂತನೋ ಇಲ್ಲವೋ, ತಂಬಿಗೆಯಲ್ಲಿ ನೀರು ಬಂತು. ಬೇಡ ಎನ್ನುವ ಮೊದಲೇ ರಶೀದಾಬಿ ಕಣ್ಣಲ್ಲೇ ಗದರಿದಳು. ಕುಡಿದ. ಶರಬತ್ತು ಬಂತು, ಅದನ್ನೂ ಕುಡಿದ. ಮತ್ತೆ ಎದ್ದ. ಮೂರನೆಯ ಸಲ ಎದ್ದಾಗ ಅಡಿಗೆಮನೆಯ ಬಾಗಿಲಲ್ಲಿದ್ದ ಹೆಂಗಸರ ಪಿಸುಮಾತು ತಟ್ಟನೆ ನಿಂತಿತು. ರಶೀದಾಬಿಯ ಮುಖ ಬಾಡಿತು.

ಶಮಶೇರನಿಗೆ ಮಗಳ ನೆನಪಾಯಿತು. ಹುಡುಗ ಮೈನೋದ್ದೀನ ಒಳ್ಳೆಯವನು, ಸ್ವಂತ ಪಂಪು ರಿಪೇರಿಯ ಅಂಗಡಿ ಇಟ್ಟಿದ್ದ. ಅವನ ಫೋಟೋ ನೋಡಿದಾಗಿನಿಂದ ಸಾನಿಯಾ ಮನೆಯಲ್ಲಿ ಗುನುಗುತ್ತ ಓಡಾಡುತ್ತಿದ್ದಳು. ತನ್ನ ಹಾಳು ಹೊಟ್ಟೆಯ ದೆಸೆಯಿಂದ ಆ ಹುಡುಗಿಯ ಹಾಡು ನಿಲ್ಲಬೇಕೆ?

ಹಿತ್ತಲಿನಿಂದ ಬರುತ್ತಿದ್ದವನನ್ನು ಅಖ್ತರ ಸಾಹೇಬರು ಬೇವಿನ ಗಿಡದ ಕೆಳಗೆ ತಡೆದರು.

"ಒಂದ ಮಾತ ಕೇಳ್ತೇನಿ, ತಪ್ಪ ತಿಳ್ಕೋಬ್ಯಾಡ್ರಿ. ನಿಮಗ ಸಕ್ಕರಿ ಬ್ಯಾನಿ ಐತಿ, ಹೌದಲ್ರಿ?"

ಇಲ್ಲ ಎನ್ನಬೇಕು ಎನ್ನುವಷ್ಟರಲ್ಲಿ ಅವರು ಅವನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು.

"ನನಗೂ ಐತ್ರಿ. ಇದರ ಸಲುವಾಗಿ ಹಿಂದ ಒಂದು ಸಂಬಂಧ ತಪ್ಪೇತಿ. ಹೇಳಿದ್ರ ನೀವೂ ಎದ್ದ ಹೊಕ್ಕೀರಿ ಅಂತ ಅಂಜಿದ್ದೆ. ನಿಮಗೂ ಐತಿ ಅಂದ ಮ್ಯಾಲ ಇನ್ನ ಚಿಂತಿಲ್ಲ. ಸಂಬಂಧ ಪಕ್ಕಾ ಅಂತ ತಿಳೀರಿ. ಎಷ್ಟ ವರ್ಷ ಆತ್ರಿ ನಿಮಗ?"

ಕಿಟಕಿಯೊಳಗಿಂದ ರಶೀದಾಬಿ ಅವನ ಬಾಯಿಯನ್ನೇ ನೋಡುತ್ತಿದ್ದಳು.

"ಹತ್ತ" ಎಂದ ಶಮಶೇರ.

ಊಟಕ್ಕೆ ಎಲ್ಲರಿಗೂ ಬಿರ್ಯಾನಿ, ತುಪ್ಪ ಸುರಿಯುವ ಹಲ್ವಾ. ಅವರಿಬ್ಬರಿಗೆ ಮಾತ್ರ ಬೇರೆ ತಟ್ಟೆಯಲ್ಲಿ ಜೋಳದ ರೊಟ್ಟಿ, ಹಾಗಲಕಾಯಿ ಪಲ್ಯ. "ಇನ್ನ ಮ್ಯಾಲ ಪ್ರತಿ ಹಬ್ಬಕ್ಕೂ ನಾವಿಬ್ಬರೂ ಹಿಂಗ ಜೋಡೀಲೆ ಕೂಡೂಣು, ಬೀಗರ" ಎಂದು ಅಖ್ತರ ಸಾಹೇಬರು ಪ್ರೀತಿಯಿಂದ ಇನ್ನೊಂದಿಷ್ಟು ಹಾಗಲಕಾಯಿ ಬಡಿಸಿದರು. ಮಾಸ್ತರರು ಮೂರನೆಯ ಸಲ ಹಲ್ವಾ ಹಾಕಿಸಿಕೊಂಡರು.

ಮರಳಿ ಬರುವಾಗ ಕ್ರೂಸರಿನಲ್ಲಿ ಶಮಶೇರ ನಡೆದದ್ದೆಲ್ಲ ಬಿಡಿಸಿ ಹೇಳಿದ. "ಖರೇನ ನನಗ ಏನೂ ಇಲ್ಲ. ಸಾನಿಯಾನ ಸಲುವಾಗಿ ಸುಳ್ಳ ಹೇಳೀನಿ. ಡಾಕ್ಟರ ಸೈತ ಬ್ಯಾನಿ ಇಲ್ಲ ಅಂದಾರಲ್ಲ."

"ಡಾಕ್ಟರ ಮುಂದೂ ಮುಚ್ಚಿಟ್ಟೀರಿ" ಎಂದಳು ರಶೀದಾಬಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಹತ್ತ ವರ್ಷ ನನಗ ಹೇಳಲಿಲ್ಲ. ಬೀಗರಿಗೆ ಒಂದ ತಾಸಿನಾಗ ಹೇಳಿದ್ರಿ."

"ಮಾಸ್ತರ, ನೀವರ ಆಕಿಗೆ ತಿಳಿಸಿ ಹೇಳ್ರಿ."

ಕಾಶಿನಾಥ ಮಾಸ್ತರರು ಸೀಟಿನಲ್ಲಿ ನೆಟ್ಟಗೆ ಕೂತು ಗಂಟಲು ಸರಿಮಾಡಿಕೊಂಡರು.

"ನೋಡ ತಂಗಿ, ಸಕ್ಕರಿ ರಕ್ತದಾಗ ಹೆಂಗ ಏರತೈತಿ, ಮೊದಲ ಅದನ್ನ ತಿಳ್ಕೊಳ್ಳೂಣು."

ಗೋಕಾಕ ಇನ್ನೂ ದೂರವಿತ್ತು.