ಸುಸ್ತಾದ ಕರೆಂಟು, ಇಪ್ಪತ್ತು ನಿಮಿಷದ ಹಾಡು

ಸಾಕ್ಷ್ಯ ಸಿಕ್ಕಿದರೆ ವಾದ ಮುಗಿಯುತ್ತದೆ ಎಂದು ನಾನು ಕಾಲೇಜಿನಲ್ಲಿ ಓದಿದ್ದೆ. ನಮ್ಮ ಬಂಧುವರ್ಗದಲ್ಲಿ ಮಾತ್ರ ವಾದ ಆರಂಭವಾಗುವುದೇ ಸಾಕ್ಷ್ಯ ಸಿಕ್ಕಿದ ಮೇಲೆ. ಇಂಥದ್ದು ಒಮ್ಮೆಯಲ್ಲ, ಪದೇ ಪದೇ ಆಗುತ್ತದೆ. ಆದ್ದರಿಂದ ಚಿಕ್ಕವಳಿದ್ದಾಗ ದೊಡ್ಡಪ್ಪನಿಂದ ಕೇಳಿದ ಕಥೆಯೊಂದರ ಬಗ್ಗೆ ನನ್ನ ಪ್ರಶ್ನೆಯನ್ನು ಮೊದಲೇ ಇಟ್ಟುಬಿಡುತ್ತೇನೆ: ಇಂಗ್ಲೆಂಡಿನ ಹದಿನಾರು ವರ್ಷದ ಹುಡುಗಿಯೊಬ್ಬಳು ಹದಿನೈದು ನಿಮಿಷದ ಹಾಡೊಂದನ್ನು ಒಂದೇ ಉಸಿರಿನಲ್ಲೆಂಬಂತೆ ಹಾಡಿದ್ದು ನಿಜವೇ?

೧. ಸಾಗರ

ದೊಡ್ಡಪ್ಪ ಜೋಗದ ವಿದ್ಯುದಾಗಾರದಲ್ಲಿ ದುಡಿದು, ನಿವೃತ್ತರಾಗಿ ಸಾಗರದಲ್ಲಿ ನೆಲೆಸಿದವರು. ಅವರ ಬಳಿ ಇದ್ದುದು ಒಂದೇ ವಿದೇಶಿ ಗಾನತಟ್ಟೆ, ಅಂದರೆ ಎಲ್ಪಿ ರೆಕಾರ್ಡು. ಪ್ರೊಗ್ರೆಸಿವ್ ರಾಕ್ ಎಂಬ, ಉದ್ದುದ್ದ ಹಾಡುಗಳ ಪಾಶ್ಚಾತ್ಯ ಪ್ರಕಾರದಲ್ಲಿ ಅದು ಮೇರುಕೃತಿಯೆಂದು ಬಲ್ಲವರು ಹೇಳುತ್ತಾರೆ. ಒಂದು ಬದಿಯಿಡೀ ಒಂದೇ ಹಾಡು. ಹೊದಿಕೆಯ ಮೇಲೆ ಮರಳಿನಲ್ಲಿ ನಿಂತ ದೋಣಿಯ ಚಿತ್ರವಿತ್ತೇ ಹೊರತು ಹಾಡಿದವರ ಮುಖವಿರಲಿಲ್ಲ. ಹೀಗಾಗಿ ಹಾಡಿದವಳು ಹುಡುಗಿಯೆಂಬ ದೊಡ್ಡಪ್ಪನ ಮಾತನ್ನು ಅಲ್ಲಗಳೆಯುವವರೂ ಇರಲಿಲ್ಲ. ಗುಬ್ಬಚ್ಚಿಯಂಥ ಆ ದನಿಗೆ ನಾವು ಮಕ್ಕಳು ಜೋಗದ ಕ್ವಾರ್ಟರ್ಸಿನ ಹಜಾರದಲ್ಲಿ ಕುಣಿದದ್ದಕ್ಕೆ ಲೆಕ್ಕವಿಲ್ಲ.

ಮೂರು ವರ್ಷದ ಹಿಂದೆ ಅದನ್ನು ಮತ್ತೆ ಕೇಳಬೇಕೆನಿಸಿ ಅವರ ಪ್ಲೇಯರಿನ ಮುಚ್ಚಳ ತೆರೆದೆ. ತಟ್ಟೆಯ ನಡುವಿನ ಕಾಗದದ ಮೇಲೆ, ನಿಮಿಷಕ್ಕೆ ಮೂವತ್ಮೂರು ಚಿಲ್ಲರೆ ಸುತ್ತು ಎಂದು ಅಚ್ಚಾಗಿತ್ತು. ಪ್ಲೇಯರಿನ ವೇಗದ ಕಡ್ಡಿ ನಲವತ್ತೈದರಲ್ಲಿತ್ತು. ತಟ್ಟೆ ಬೇಗ ತಿರುಗಿದರೆ ಹಾಡೂ ಬೇಗ ಮುಗಿಯುತ್ತದೆ, ಗಂಡಸಿನ ದನಿಯೂ ಕೀರಲಾಗುತ್ತದೆ. ಅದು ಅಲುಗದಂತೆ ಗಾಯಕ್ಕೆ ಅಂಟಿಸುವ ಪಟ್ಟಿಯನ್ನು ಅಂಟಿಸಲಾಗಿತ್ತು.

"ದೊಡ್ಡಪ್ಪ, ಈ ಪಟ್ಟಿ ಎಂತಕ್ಕೆ?"

"ಆ ಕಡ್ಡಿ ಜಾರಿದ್ರೆ ಹುಡುಗಿಗೆ ನೆಗಡಿ ಆಗ್ತು."

೨. ತೀರ್ಥಹಳ್ಳಿ

ಆ ತಟ್ಟೆಯನ್ನು ಮರುವರ್ಷ ತೀರ್ಥಹಳ್ಳಿಯ ಮಾವ ಎರವಲು ಒಯ್ದರು. ಮಾವ ಎಂದರೆ ದೊಡ್ಡಪ್ಪನ ತಂಗಿಯ, ಅಂದರೆ ನನ್ನ ಅತ್ತೆಯ ಗಂಡ; ಹೈಸ್ಕೂಲಿನ ನಿವೃತ್ತ ವಿಜ್ಞಾನ ಮೇಷ್ಟ್ರು. ಕೋಣಂದೂರಿನ ಪರಿಚಿತರೊಬ್ಬರಿಂದ ಹಳೆಯ ಪ್ಲೇಯರೊಂದನ್ನು ಕೊಂಡಿದ್ದರು. ಅದರೊಳಗೆ ತಟ್ಟೆ ತಿರುಗಿಸುವ ರಬ್ಬರ್ ಬೆಲ್ಟು ಜೋಲು ಬಿದ್ದಿದ್ದನ್ನು ನಾನು ಆಮೇಲೊಮ್ಮೆ ಕಣ್ಣಾರೆ ನೋಡಿದೆ. ಮಾವ ನೋಡಿದ್ದು ಗೋಡೆಯ ಗಡಿಯಾರವನ್ನು ಮಾತ್ರ. ಕೂಡಲೇ ಸಾಗರಕ್ಕೆ ಫೋನು ಮಾಡಿದರು.

"ಭಾವ, ಇದು ಹುಡುಗಿ ಅಲ್ಲ, ಅಜ್ಜ. ಇಪ್ಪತ್ಮೂರು ನಿಮಿಷ ನರಳ್ತ."

ದೊಡ್ಡಪ್ಪ ಸ್ವಲ್ಪವೂ ವಿಚಲಿತರಾಗಲಿಲ್ಲ. "ನೋಡಿ ಭಾವ, ಜೋಗದಲ್ಲಿ ಹುಟ್ಟಿದ ಕರೆಂಟು ಸಾಗರಕ್ಕೆ ತಾಜಾ ಬತ್ತು. ಕಾಡು, ಗುಡ್ಡ ಎಲ್ಲ ಹತ್ತಿ ಇಳಿದು ತೀರ್ಥಹಳ್ಳಿ ಮುಟ್ಟುವಷ್ಟೊತ್ತಿಗೆ ಅದಕ್ಕೆ ಸುಸ್ತಾಗಿರ್ತು. ತಟ್ಟೆ ತಿರುಗಿಸಲೆ ತ್ರಾಣ ಇಲ್ಲೆ."

ಮೂವತ್ತು ವರ್ಷ ವಿದ್ಯುತ್ತಿನ ಪಾಠ ಮಾಡಿದ ಮಾವ ಫೋನಿಟ್ಟರು. ತಟ್ಟೆಯನ್ನು ಬಸ್ಸಿನಲ್ಲಿ ಹಿಂದಕ್ಕೆ ಕಳಿಸಿದರು. ಆ ಮಾತು ವಾಪಸು ತೆಗೆದುಕೊಳ್ಳುವವರೆಗೆ ಸಾಗರದ ಮನೆಯ ಮೆಟ್ಟಿಲು ತುಳಿಯುವುದಿಲ್ಲ ಎಂದರು. ನಗೆಯ ವಿಷಯ ಅಲ್ಲಿಗೆ ಮುಗಿದಿತ್ತು. ಎರಡು ವರ್ಷ ಅತ್ತೆ ತವರಿಗೆ ಒಬ್ಬರೇ ಬಂದರು. ಬಂದಾಗಲೆಲ್ಲ ಅಣ್ಣನ ಎದುರು ಗಂಡನ ಹೆಸರೆತ್ತದಂತೆ, ಊರಿಗೆ ಮರಳಿ ಗಂಡನ ಎದುರು ಅಣ್ಣನ ಹೆಸರೆತ್ತದಂತೆ ನಾಲಿಗೆ ಬಿಗಿಹಿಡಿದರು. ಒಮ್ಮೆ ಹೊರಟು ನಿಂತಾಗ ದೊಡ್ಡಪ್ಪ ಅವರ ಚೀಲಕ್ಕೆ ಟಾರ್ಚಿನ ನಾಲ್ಕು ಸೆಲ್ಲು ಹಾಕಿದರು.

"ಭಾವಂಗೆ ಕೊಡು. ಹಾಡು ಕೇಳಲೆ ಬೇಕಾಗ್ತು."

೩. ಹೊಸನಗರ

ಅತ್ತೆಯ ಮಗಳು ಹೊಸನಗರದಲ್ಲಿ ಶಾಲಾ ಶಿಕ್ಷಕಿ. ಅವಳು ಹೊಸ ಮನೆ ಕಟ್ಟಿಸಿ ಎಲ್ಲರನ್ನೂ ಮಧ್ಯಾಹ್ನದ ಊಟಕ್ಕೆ ಕರೆದಳು. ಅವಳ ಗಂಡನ ಬಳಿ ಹೊಚ್ಚಹೊಸ ಪ್ಲೇಯರ್ ಇತ್ತು. ಹೊಸನಗರ ನಡುವಿನ ಊರಾದ್ದರಿಂದ ಅಲ್ಲೇ ತೀರ್ಮಾನವಾಗಲಿ ಎಂದು ಇಬ್ಬರೂ ಹಿರಿಯರು, ಪರಸ್ಪರ ಮಾತಾಡದೆಯೇ, ನನ್ನ ಮೂಲಕ ಒಪ್ಪಿದರು. ಸಮಯ ಅಳೆಯುವ ಹೊಣೆ ನನ್ನದಾಯಿತು.

ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು ದನಿ ತಗ್ಗಿಸಿದರು. "ನಿಂಗೆ ಎಂತದೋ ಗೊತ್ತಿದ್ದು. ಮುಖದಲ್ಲೇ ಕಾಣ್ತು. ಹೇಳಿದ್ರೆ ಇಬ್ಬರಲ್ಲಿ ಒಬ್ಬರ ಮಾನ ಹೋಗ್ತು. ಹೋದವರು ಇನ್ನೊಬ್ಬರ ಮನೆಗೆ ಮತ್ತೆ ಬತ್ವಿಲ್ಲೆ."

ನನಗೆ ಗೊತ್ತಿದ್ದುದನ್ನು ಹೇಳಿದ್ದರೆ ಒಬ್ಬರದಲ್ಲ, ಇಬ್ಬರ ಮಾನವೂ ಹೋಗುತ್ತಿತ್ತು.

ದೊಡ್ಡಪ್ಪ ಹಜಾರದ ಒಂದು ತುದಿಯಲ್ಲಿ, ಮಾವ ಇನ್ನೊಂದು ತುದಿಯಲ್ಲಿ ಕುಳಿತರು. ದೊಡ್ಡಪ್ಪ ತಂದಿದ್ದ ತಟ್ಟೆಗೆ ಮುಳ್ಳು ತಗಲಿತು. ಆ ಕೃತಿಯನ್ನು ಅದರ ನಿಜವಾದ ವೇಗದಲ್ಲಿ ನಾನು ಕೇಳಿದ್ದು ಅದೇ ಮೊದಲು. ಆರಂಭ ಮೈ ಜುಮ್ಮೆನ್ನುವಂತಿತ್ತು. ಇಷ್ಟು ವರ್ಷ ಕಳೆದುಕೊಂಡದ್ದೇನೆಂದು ಪಶ್ಚಾತ್ತಾಪವೂ ಆಯಿತು. ಹತ್ತು ನಿಮಿಷದ ನಂತರ ಕೀಬೋರ್ಡು ನುಡಿಸುವವನು, ಹೊರಡುತ್ತೇನೆಂದು ಎದ್ದು ಬಾಗಿಲಲ್ಲಿ ನಿಂತು ಮಾತು ಮುಂದುವರಿಸುವ ನೆಂಟನಂತಾದ. ಜಗತ್ತು ಹೊಗಳಿದ ಸರಿಯಾದ ಹಾಡಿಗಿಂತ ನಮ್ಮ ದೊಡ್ಡಪ್ಪನ ತಪ್ಪು ಹಾಡೇ ಚೆನ್ನಾಗಿತ್ತಲ್ಲ ಎಂಬ ಅನುಮಾನ ನನ್ನನ್ನು ಕಾಡತೊಡಗಿತು. ಹಾಡುತ್ತಿದ್ದವನು ಹುಡುಗಿಯೂ ಅಲ್ಲ, ಅಜ್ಜನೂ ಅಲ್ಲ. ಹದವಾದ ಗಂಟಲಿನ ಯುವಕ.

"ಪ್ರೊಗ್ರೆಸಿವ್ ಅಂದ್ರೆ ಮುಂದೆ ಹೋಗ್ಬೇಕು," ಎಂದರು ಮಾವ ಗೋಡೆಗೆ. "ಇದು ಅಲ್ಲೇ ಸುತ್ತುತ್ತಾ ಇದ್ದು."

ಹಾಡು ಮುಗಿಯಿತು. ಇಪ್ಪತ್ತು ನಿಮಿಷ. ನಾನು ಅಂಕಿ ಹೇಳಿದೆ. ಅಡುಗೆಮನೆಯ ಬಾಗಿಲಲ್ಲಿ ಅತ್ತೆಯ ಕೈಯ ಸೌಟು ನಿಂತಲ್ಲೇ ನಿಂತಿತ್ತು.

ಮಾವ ಕನ್ನಡಕ ತೆಗೆದು ಒರೆಸಿದರು. ಬೆರಳು ಮಡಚಿ ಏನೋ ಎಣಿಸಿದರು. ಎರಡು ವರ್ಷದಲ್ಲಿ ಮೊದಲ ಬಾರಿಗೆ ಹಜಾರದ ಆಚೆ ತುದಿಗೆ ನೇರವಾಗಿ ನೋಡಿದರು.

"ಭಾವ. ಸಾಗರದಲ್ಲಿ ಹದಿನೈದು, ಹುಡುಗಿ. ಹೊಸನಗರದಲ್ಲಿ ಇಪ್ಪತ್ತು, ಯುವಕ. ತೀರ್ಥಹಳ್ಳಿಯಲ್ಲಿ ಇಪ್ಪತ್ಮೂರು, ಅಜ್ಜ. ದೂರ ಹೆಚ್ಚಿದ ಹಾಂಗೆ ನಿಧಾನ. ಪ್ರಯೋಗದ ಎದುರು ಹಟ ಮಾಡಲೆ ಆಗ್ತಿಲ್ಲೆ. ನಿಂಗಳ ಮಾತು ಸರಿ."

"ಅದನ್ನೇ ಹೇಳಿದ್ದಲ್ದಾ," ಎಂದರು ದೊಡ್ಡಪ್ಪ, ಬಹಳ ಮೆತ್ತಗೆ. "ಇಲ್ಲಿ ಅರ್ಧ ಸುಸ್ತು."

ಅನಂತರ ಇಬ್ಬರೂ ಒಟ್ಟಿಗೇ ನನ್ನತ್ತ ತಿರುಗಿದರು. "ನೀನು ಓದಿದವಳು. ಎಂತ ಹೇಳ್ತೆ?"

ಅತ್ತೆಯ ಕಣ್ಣು ನನ್ನ ಮೇಲಿತ್ತು. ಬೆಲ್ಟು, ಕಡ್ಡಿ, ಪಟ್ಟಿ ಎಲ್ಲವೂ ನಾಲಿಗೆಯ ತುದಿಗೆ ಬಂದಿದ್ದವು.

"ಮೊದಲರ್ಧ ಚೆನ್ನಾಗಿದೆ," ಎಂದೆ. "ಎರಡನೆಯ ಅರ್ಧ ಎಳೆದಂತಾಯಿತು."

"ಅದಕ್ಕೇ ಸಾಗರದಲ್ಲಿ ಕೇಳು," ಎಂದರು ಮಾವ. "ಎಂಗೊ ಇಬ್ಬರೂ ಮುಂದಿನ ವಾರ ಬತ್ಯ."

ಅತ್ತೆ ಸೌಟು ಇಳಿಸಿ, ಎಲೆ ಹಾಕಲು ಹೇಳಿದರು.

ಯಾವುದನ್ನೂ ಪರಿಶೀಲಿಸದೆ ಬಿಡುವ ಸ್ವಭಾವ ನನ್ನದಲ್ಲವಾದ್ದರಿಂದ, ಮರುದಿನ ಅತ್ತೆಯ ಮಗಳಿಗೆ ಫೋನು ಮಾಡಿ ಹೊಸನಗರದ ಕರೆಂಟಿನ ಸ್ಥಿತಿಯನ್ನು ವಿಚಾರಿಸಿದೆ. ಅವಳು ವಿದ್ಯುತ್ ಕಚೇರಿಯಿಂದ ತನ್ನ ಮೊಬೈಲಿಗೆ ಬಂದಿದ್ದ ಸೂಚನೆಯನ್ನು ಕಳಿಸಿದಳು. ಊಟದ ದಿನ ಅವಳ ಮನೆಯಲ್ಲಿ ಫ್ಯಾನು, ದೀಪ, ಪ್ಲೇಯರು ಎಲ್ಲವೂ ನಡೆದದ್ದು ಇನ್ವರ್ಟರಿನ ಬ್ಯಾಟರಿಯಿಂದ. ತಂತಿ ದುರಸ್ತಿಯ ಸಲುವಾಗಿ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಹೊಸನಗರಕ್ಕೆ ಕರೆಂಟೇ ಬಂದಿರಲಿಲ್ಲ.