ಕಾಲುಚೀಲದೊಳಗಿನ ಅಮ್ಮ

ಆ ಮಾತು ಆಡಿದವಳು ನೊರೀನ್‌ಳ ಅಮ್ಮ, ಬೈಸಿಕೊಂಡವಳು ನೊರೀನ್.

ಅಮೆರಿಕದ ಕೆಂಟಕಿಯ ನೊರೀನ್ ಊರೂರು ತಿರುಗುವ ನರ್ಸು. ಮೂರು ತಿಂಗಳು ಒಂದು ಆಸ್ಪತ್ರೆ, ಆಮೇಲೆ ಇನ್ನೊಂದು. ಈ ಚಳಿಗಾಲಕ್ಕೆ ಉತ್ತರ ಡಕೋಟಾದ ಪಾಲಾಗಿದ್ದಳು. ಎಲ್ಲೇ ಇರಲಿ, ಭಾನುವಾರ ಮಧ್ಯಾಹ್ನದ ಊಟ ಮಾತ್ರ ವಿಡಿಯೋ ಕರೆಯಲ್ಲಿ ಅಮ್ಮನ ಜೊತೆ. ಅಲ್ಲಿ ಕೆಂಟಕಿಯಲ್ಲಿ ಅಮ್ಮ ಮಗಳ ಕುರ್ಚಿಯೆದುರು ತಟ್ಟೆಯಿಟ್ಟು, ಫೋನನ್ನು ಜಾಮಿನ ಬಾಟಲಿಗೆ ಒರಗಿಸುತ್ತಿದ್ದಳು. ಇಲ್ಲಿ ಮಗಳು ಕೆಚಪ್ ಬಾಟಲಿಗೆ ಒರಗಿಸುತ್ತಿದ್ದಳು. ಒಂದು ವಾರವೂ ತಪ್ಪಿರಲಿಲ್ಲ. ಇವತ್ತಿನ ಭಾನುವಾರವಂತೂ ಅಮ್ಮನ ಎಪ್ಪತ್ತನೇ ಹುಟ್ಟುಹಬ್ಬ.

ಬೆಳಿಗ್ಗೆಯೇ ವಾರ್ಡಿನಲ್ಲಿ ಅಮ್ಮನ ಕರೆ ಬಂತು. ಅಮ್ಮ ಫೋನ್ ಹಿಡಿದರೆ ಕಾಣುವುದು ಗಲ್ಲ ಮತ್ತು ಮೂಗಿನ ಹೊಳ್ಳೆ, ಅಷ್ಟೇ.

"ಇದೇನೇ, ನಿಮ್ಮ ವಾರ್ಡು ಇಷ್ಟು ಶಾಂತವಾಗಿದೆ!"

ಸುತ್ತಲಿದ್ದ ನರ್ಸುಗಳೆಲ್ಲ ಬೆಚ್ಚಿಬಿದ್ದರು. ಆಸ್ಪತ್ರೆಯಲ್ಲಿ ಸಾವಿನ ಹೆಸರು ಎತ್ತಬಹುದು, 'ಶಾಂತ' ಎಂಬ ಆ ಒಂದು ಮಾತು ಎತ್ತಬಾರದು. ಎತ್ತಿದರೆ ಎಲ್ಲಿದ್ದ ಗ್ರಹಚಾರವೂ ವಾರ್ಡಿಗೇ ಬರುತ್ತದೆಂದು ಇಡೀ ನರ್ಸ್ ಕುಲ ನಂಬಿದೆ.

"ಹೇಳೇಬಿಟ್ರಲ್ಲ ನಿಮ್ಮಮ್ಮ!" ವೇಡ್ ಎಂಬ ನರ್ಸು ತಲೆಮೇಲೆ ಕೈಹೊತ್ತ.

ಮುಖ್ಯ ನರ್ಸ್ ಸೊಲ್ವೇಗ್ ಮರ ಕುಟ್ಟಿದರೆ ದೋಷ ಕಳೆಯುತ್ತದೆಂದು ಮೇಜು ಕುಟ್ಟಿದಳು. ಮೇಜು ಪ್ಲಾಸ್ಟಿಕ್ಕಿನದು, ಫಲಿಸಲಿಲ್ಲ. ಮೊದಲು ಒಬ್ಬ ಅಜ್ಜ ಕೈಗೆ ಹಾಕಿದ ಸೂಜಿ ಕಿತ್ತು, ಬೆನ್ನ ಹಿಂದೆ ಬಾಯ್ಬಿಟ್ಟ ಗೌನಿನಲ್ಲೇ ಮೀನು ಹಿಡಿಯಲು ಹೊರಟ. ಆಮೇಲೆ ಶೌಚಾಲಯ ಉಕ್ಕಿತು. ರೋಗಿಗಳ ಊಟ ಹೊತ್ತ ಲಿಫ್ಟು ನಡುವೆಯೇ ನಿಂತಿತು.

"ಎಲ್ಲಾ ನಿನ್ನಿಂದ! ಫೋನ್ ಕೊಡು ಇಲ್ಲಿ, ಪಾಳಿ ಮುಗಿದ ಮೇಲೆ ತಗೋ" ಎಂದಳು ಸೊಲ್ವೇಗ್.

"ಕೊಡಲ್ಲ. ಸೊಂಟ ಮುರಿಯೋಷ್ಟು ಕೆಲಸ ಕೊಡಿ, ಮಾಡ್ತೀನಿ. ನಮ್ಮಮ್ಮನ್ನ ಮಾತ್ರ ಕಿತ್ಕೋಬೇಡಿ. ಇವತ್ತಿನ ಊಟ ಬಿಡಲ್ಲ ಅಂದ್ರೆ ಬಿಡಲ್ಲ!"

ನೊರೀನ್ ಫೋನನ್ನು ಬಿಗಿಯಾದ ಕಾಲುಚೀಲದೊಳಗೆ ತುರುಕಿಕೊಂಡಳು.

ಮಧ್ಯಾಹ್ನ ಬೆಡ್‌ಶೀಟುಗಳ ಕೋಣೆಯಲ್ಲಿ ಅಡಗಿ ಕರೆ ಮಾಡಿದರೆ ಅಮ್ಮ ಎತ್ತಲಿಲ್ಲ. ಮತ್ತೆ ಮಾಡಿದಳು. ಅಣ್ಣನಿಗೆ ಮಾಡಿದಳು, ಅವನೂ ಎತ್ತಲಿಲ್ಲ. ಹೀಗೆಂದೂ ಆಗಿರಲಿಲ್ಲ. ಅಷ್ಟರಲ್ಲಿ ಅಜ್ಜ ಮತ್ತೆ ಮೀನಿಗೆ ಹೊರಟ ಸುದ್ದಿ ಬಂತು. ಓಡಿಹೋಗಿ ಅವನನ್ನು ಹಿಡಿದಾಗ ಫೋನ್ ಮೊಳಗಿತು.

"ನಿನ್ನ ಕಾಲು ಕೂಗ್ತಿದೆ ನೋಡಮ್ಮ" ಎಂದ ಅಜ್ಜ.

"ಅಮ್ಮಾ! ಎಲ್ಲಿ ಹಾಳಾಗ್ಹೋಗಿದ್ದೆ?"

"ನಿಮ್ಮ ಆಸ್ಪತ್ರೆ ಕೆಳಗಡೆನೇ ಇದೀನಿ ಕಣೆ, ಎಮರ್ಜೆನ್ಸಿಲಿ. ನಿನ್ನೆನೇ ನಿಮ್ಮಣ್ಣನ ಜೊತೆ ವಿಮಾನ ಹತ್ತಿದ್ದೆ. ಎಪ್ಪತ್ತಾಯ್ತು, ಇನ್ನೂ ಜಾಮಿನ ಬಾಟಲಿ ಜೊತೆ ಊಟ ಮಾಡ್ಲಾ? ಬಾಗಿಲ ಹತ್ರ ಹಿಮದಲ್ಲಿ ಜಾರಿ ಪಾದದ ಗಂಟು ಮುರ್ಕೊಂಡೆ. ಹೋಗ್ಲಿ ಬಿಡು, ಬಂದೆನಲ್ಲ!"

ನೊರೀನ್ ಅಳುತ್ತಾ ನಗುತ್ತಾ ಸೊಲ್ವೇಗ್ ಬಳಿ ಓಡಿದಳು. "ನಮ್ಮಮ್ಮನ್ನ ನಮ್ಮ ವಾರ್ಡಿಗೇ ತನ್ನಿ, ದಮ್ಮಯ್ಯ!"

"ತರ್ತೀವಿ. ಇರೋದೊಂದೇ ಹಾಸಿಗೆ, ಅದೂ ನೀನು ನೋಡ್ಕೊಳ್ಳೋ ಕೋಣೆಲಿ" ಎಂದಳು ಸೊಲ್ವೇಗ್, ಈ ಸಲ ಮೆತ್ತಗೆ. "ಆದ್ರೆ ಸ್ವಂತದವರಿಗೆ ನೀನು ನರ್ಸ್ ಆಗೋ ಹಾಗಿಲ್ಲ. ನೀನು ಮೇಲಿನ ವಾರ್ಡಿಗೆ ನಡಿ."

ಯಾವ ಆಸ್ಪತ್ರೆಯಲ್ಲೂ ಅಷ್ಟೇ, ಎತ್ತಂಗಡಿಯೆಂದರೆ ತಿರುಗುವ ನರ್ಸೇ ಮೊದಲು.

"ಪಾಳಿ ಮುಗಿದ್ಮೇಲೆ ನೋಡ್ಬಹುದಾ?"

"ಅಷ್ಟೊತ್ತಿಗೆ ಭೇಟಿ ಸಮಯ ಮುಗಿದಿರುತ್ತಲ್ಲ!"

ರಿಪೇರಿಯಾದ ಲಿಫ್ಟಿನಿಂದ ಅಮ್ಮನ ಸ್ಟ್ರೆಚರ್ ಇಳಿಯುವಾಗ ನೊರೀನ್ ಹತ್ತಬೇಕಾಗಿತ್ತು. ಒಂದು ಅಪ್ಪುಗೆಗಷ್ಟೇ ಪುರುಸೊತ್ತು. ಅಮ್ಮ ತಾನು ತಂದಿದ್ದ ಮೆಕ್ಕೆಜೋಳದ ಬ್ರೆಡ್ಡಿನ ಎರಡು ಪೊಟ್ಟಣಗಳಲ್ಲಿ ಒಂದನ್ನು ಮಗಳ ಕೈಗೆ ತುರುಕಿದಳು. ಬಾಗಿಲು ಮುಚ್ಚಿಕೊಂಡಿತು.

ಮೇಲಿನ ವಾರ್ಡಿನಲ್ಲಿ ನೊರೀನ್ ಯಾರನ್ನೂ ಕೇಳಲಿಲ್ಲ. ನರ್ಸುಗಳ ಮೇಜಿನ ಮೇಲೇ ಕೆಚಪ್ ಬಾಟಲಿ ಇಟ್ಟು ಫೋನ್ ಒರಗಿಸಿದಳು.

"ಯಾರು ಏನಾದ್ರೂ ಅನ್ಲಿ. ಊಟ ಮಾಡೋಣಮ್ಮ."

ನೇರ ಕೆಳಗಿನ ಮಂಚದಿಂದ ಅದೇ ಗಲ್ಲ, ಅದೇ ಮೂಗಿನ ಹೊಳ್ಳೆ. ಇಬ್ಬರೂ ಬ್ರೆಡ್ಡು ಮುರಿದರು. ಅಮ್ಮ ಮಗಳ ಹಿಂದೆ ಕಣ್ಣಾಡಿಸಿದಳು.

"ಅಲ್ವೇ, ಆ ವಾರ್ಡು ಇದಕ್ಕಿಂತ್ಲೂ..."

ನೊರೀನ್ ಫೋನ್ ಕಸಿದು ಕಾಲುಚೀಲಕ್ಕೆ ತುರುಕಿದಳು.

"...ಶಾಂತವಾಗಿದೆ!" ಎಂದಿತು ಕಾಲುಚೀಲ.

ಮೇಲಿನ ವಾರ್ಡಿನ ನರ್ಸುಗಳೆಲ್ಲ ಒಟ್ಟಿಗೆ ತಿರುಗಿ ಅವಳ ಕಾಲನ್ನು ನೋಡಿದರು.