ಗಿಟಾರಿನ ಕತ್ತು, ನನ್ನ ಮಣಿಕಟ್ಟು

ನೋವಾದರೆ ಮಾತ್ರ ವಿದ್ಯೆ ಒಳಗಿಳಿಯುತ್ತದೆ ಎಂದು ನಂಬಿದವರಲ್ಲಿ ನಾನೂ ಒಬ್ಬಳು. ಯೋಗ ಮಾಡಿದ ಮರುದಿನ ಸೊಂಟ ಹಿಡಿಯದಿದ್ದರೆ ನನಗೆ ಸಮಾಧಾನವಿಲ್ಲ. ಕಷಾಯ ಕಹಿಯಾಗಿರದಿದ್ದರೆ ಅದು ಔಷಧವೇ ಹೌದೋ ಅಲ್ಲವೋ ಎಂಬ ಅನುಮಾನ. ಹೀಗಾಗಿ ಐವತ್ತು ದಾಟಿದ ಮೇಲೆ ಗಿಟಾರ್ ಕಲಿಯಲು ಹೋಗಿ ಎಡಗೈ ನೋಯತೊಡಗಿದಾಗ ನನಗಾದದ್ದು ಗಾಬರಿಯಲ್ಲ, ಹೆಮ್ಮೆ. ಆಫೀಸಿನಲ್ಲಿ ಫೈಲು ಎತ್ತುವಾಗ ಸ್ವಲ್ಪ ಜೋರಾಗಿಯೇ ನರಳುತ್ತಿದ್ದೆ. ಯಾರಾದರೂ "ಏನಾಯ್ತು ಮೇಡಂ?" ಎನ್ನಲಿ, ನಾನು "ಏನಿಲ್ಲ, ಗಿಟಾರ್ ಪ್ರಾಕ್ಟೀಸು" ಎನ್ನಲಿ ಎಂಬ ಆಸೆ.

ಗಿಟಾರಿನ ಹುಚ್ಚು ಹತ್ತಿದ್ದು ನಮ್ಮತ್ತೆಯಿಂದ. ಸೊಪ್ಪು ಬಿಡಿಸುವಾಗ ಅವರು ಹಳೆಯ ನಾಟಿ ಪದವೊಂದನ್ನು ಗುನುಗುತ್ತಾರೆ. ಗದ್ದೆಯಲ್ಲಿ ಪೈರು ನೆಡುತ್ತ ಕಲಿತದ್ದಂತೆ. ಅವರ ಎಂಬತ್ತನೇ ಹುಟ್ಟುಹಬ್ಬಕ್ಕೆ ಅವರು ಹಾಡಬೇಕು, ನಾನು ಗಿಟಾರ್ ನುಡಿಸಬೇಕು ಎಂದುಕೊಂಡೆ. ದೇವರಾಜ ಮೊಹಲ್ಲಾದಲ್ಲಿ ಪಾತ್ರೆ ಅಂಗಡಿಯೊಂದರ ಮಹಡಿಯ ಮೇಲೆ ರಾಜೀವನಗರದ ಆಯಿಷಾ ಎಂಬ ಹುಡುಗಿ ಪಾಠ ಹೇಳುತ್ತಾಳೆ. ವಯಸ್ಸಿನಲ್ಲಿ ನನ್ನ ಅರ್ಧದಷ್ಟೂ ಇಲ್ಲ. ಅವಳು ನನಗೆ "ಆಂಟಿ" ಎನ್ನುತ್ತಾಳೆ, ನಾನು ಅವಳಿಗೆ "ಮಿಸ್" ಎನ್ನುತ್ತೇನೆ. ಈ ಹಾಡಿಗೆ ಮೂರೇ ಕಾರ್ಡ್, ಅಂದರೆ ಒಟ್ಟಿಗೆ ಒತ್ತಿ ನುಡಿಸುವ ಮೂರೇ ಸ್ವರಗುಚ್ಛ ಸಾಕು, ದಿನಾ ಸ್ವಲ್ಪ ಸ್ವಲ್ಪ ನುಡಿಸಿ ಎಂದಳು. ಸ್ವಲ್ಪ ಎನ್ನುವುದು ಸೋಮಾರಿಗಳಿಗೆ ಹೇಳುವ ಮಾತು ಎಂದುಕೊಂಡ ನಾನು ಆಫೀಸಿನಿಂದ ಕೆಸರೆಯ ಮನೆಗೆ ಬಂದವಳೇ ಸೋಫಾದಲ್ಲಿ ಹುದುಗಿ, ಒಲೆಯ ಮೇಲಿನ ಸಾರು ತಳ ಹಿಡಿಯುವವರೆಗೂ ನುಡಿಸುತ್ತಿದ್ದೆ.

ಒಂದು ಸಂಜೆ ಮುದ್ದೆ ತಿರುವಲು ಪಾತ್ರೆ ಹಿಡಿದರೆ ಮಣಿಕಟ್ಟು ಚಳಕ್ಕೆಂದಿತು. ಪಾತ್ರೆ ಜಾರಿ ಅಷ್ಟೂ ಹಿಟ್ಟು ಒಲೆಯ ಪಾಲಾಯಿತು. ಅಂದಿನಿಂದ ಮುದ್ದೆಯ ಜವಾಬ್ದಾರಿ ನಮ್ಮ ಯಜಮಾನರದ್ದು. ಮೊದಲ ತುತ್ತು ನುಂಗಿದ ಅತ್ತೆ, "ಲೋ ಮಗಾ, ಮುದ್ದೆ ಒಳಗೆ ಗಂಟದೋ, ಗಂಟೊಳಗೆ ಮುದ್ದೆ ಅದೋ?" ಎಂದರು. ನಾನೂ ನಕ್ಕೆ. ಆದರೆ ಮರುದಿನ ಬೆಳಿಗ್ಗೆ ರವಿಕೆಯ ಹುಕ್ಕು ಹಾಕಿಕೊಳ್ಳಲು ಬೆರಳು ಬಗ್ಗದಿದ್ದಾಗ ಹೆಮ್ಮೆಯೆಲ್ಲ ಇಳಿದು ನಿಜಕ್ಕೂ ಹೆದರಿಕೆಯಾಯಿತು. ಡಾಕ್ಟರು ಕೈ ಒತ್ತಿ ನೋಡಿ, "ಸ್ನಾಯುಗಳಿಗೆ ದಣಿವಾಗಿದೆ. ಇನ್ನೂ ಎಳೆದಾಡಿದ್ರೆ ಈ ನೋವು ಬೇಗ ಬಿಟ್ಟು ಹೋಗಲ್ಲ" ಎಂದರು. ಹುಟ್ಟುಹಬ್ಬ ಮುಂದಿನ ತಿಂಗಳೇ ಇತ್ತು.

ಅಳುಮುಖ ಹೊತ್ತು ಮಹಡಿ ಹತ್ತಿದೆ. ಆಯಿಷಾ ಗದರಲಿಲ್ಲ. "ಆಂಟಿ, ಬೆರಳ ತುದಿ ಉರಿದ್ರೆ ಪರವಾಗಿಲ್ಲ, ಎಲ್ರಿಗೂ ಉರಿಯುತ್ತೆ. ಮಣಿಕಟ್ಟು ನೋವು ಬಂದ್ರೆ ಮಾತ್ರ ಅಲ್ಲೇ ನಿಲ್ಲಿಸ್ಬಿಡ್ಬೇಕು. ಮನೇಲಿ ಹೆಂಗೆ ಕೂತ್ಕೊತೀರ?" ಎಂದಳು. ನನ್ನ ಶ್ರದ್ಧೆಗೆ ಸಾಕ್ಷಿಯಿರಲಿ ಎಂದು ಯಜಮಾನರ ಕೈಲಿ ಹಿಂದೆಯೇ ತೆಗೆಸಿಟ್ಟುಕೊಂಡಿದ್ದ ವೀಡಿಯೋ ಮೊಬೈಲಿನಲ್ಲಿತ್ತು. ಇಬ್ಬರೂ ನೋಡಿದೆವು. ಭುಜ ಕಿವಿಗೆ ತಾಗಿದೆ, ಬೆನ್ನು ಬಿಲ್ಲಾಗಿದೆ, ಮಣಿಕಟ್ಟು ಮಡಚಿಕೊಂಡಿದೆ, ಹಲ್ಲು ನಾಲಗೆಯನ್ನು ಕಚ್ಚಿ ಹಿಡಿದಿದೆ. ಗಿಟಾರ್ ನುಡಿಸುವವಳ ಹಾಗಿರಲಿಲ್ಲ. ತಪ್ಪಿಸಿಕೊಳ್ಳುತ್ತಿರುವ ಮೇಕೆಮರಿಯ ಕತ್ತು ಅಮುಕಿ ಹಿಡಿದವಳ ಹಾಗಿದ್ದೆ. ಆಯಿಷಾ ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡು, "ಅದು ಎಲ್ಲೂ ಓಡಿ ಹೋಗಲ್ಲ, ಆಂಟಿ. ಸ್ವಲ್ಪ ಸಡಿಲ ಬಿಡಿ" ಎಂದಳು.

ನೋವು ಇಳಿಯುವ ತನಕ ಗಿಟಾರ್ ಮುಟ್ಟುವಂತಿರಲಿಲ್ಲ. ಆಮೇಲೆ ಸೋಫಾ ಬಿಟ್ಟು ಕೈಯಿಲ್ಲದ ಕುರ್ಚಿಗೆ ಬಂದೆ. ನನ್ನ ಗಿಟಾರಿಗೆ ಮೆತ್ತನೆಯ ತಂತಿಗಳನ್ನು ಆಯಿಷಾಳೇ ಹಾಕಿಕೊಟ್ಟಳು. ಸದ್ದು ಬರುವಷ್ಟು ಮಾತ್ರ ಒತ್ತಬೇಕು, ಹೆಬ್ಬೆರಳು ಸುಮ್ಮನೆ ಆನಿಕೊಂಡಿರಬೇಕು, ಶುರು ಮಾಡುವ ಮುಂಚೆ ಕೈ ಬೆಚ್ಚಗಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೈ ದಣಿಯಿತೆನಿಸಿದರೆ ಹಾಡು ಎಲ್ಲೇ ಇರಲಿ, ಕೈ ಇಳಿಸಿ ತೊಡೆಯ ಮೇಲಿಡಬೇಕು. ಅರ್ಧದಷ್ಟು ನುಡಿಸಿದರೂ ಹಾಡು ಎರಡರಷ್ಟು ಚೆನ್ನಾಗಿ ಬರತೊಡಗಿತು. ಇಷ್ಟು ಸುಖವಾಗಿ ಕಲಿಯುವುದೂ ಒಂದು ಕಲಿಕೆಯಾ ಎಂದು ಮೊದಮೊದಲು ನಾಚಿಕೆಯಾಯಿತು, ಆಮೇಲೆ ಒಗ್ಗಿಹೋಯಿತು.

ಹುಟ್ಟುಹಬ್ಬದ ದಿನ ಮನೆ ತುಂಬ ನೆಂಟರು. ನಾನು ಮೂರು ಕಾರ್ಡುಗಳನ್ನು ಹಿಡಿದು ಹೊರಟೆ, ಅತ್ತೆ ದನಿಯೆತ್ತಿದರು. ಎರಡೇ ನುಡಿಯ ಹಾಡೆಂದು ನಾನು ತಿಳಿದಿದ್ದೆ. ಹಾಗೇನಿರಲಿಲ್ಲ. ಎದುರಿಗೆ ಕೂತವರ ಹೆಸರು ಸೇರಿಸಿ ಒಬ್ಬೊಬ್ಬರಿಗೂ ಒಂದೊಂದು ನುಡಿ ಕಟ್ಟಿ ಹರಸುವ ಪದವಂತೆ ಅದು. ಮಗನಿಗಾಯಿತು, ಮಗಳಿಗಾಯಿತು, ಬೀಗರಿಗೆಲ್ಲ ಆಯಿತು. ಮೂಲೆಯಲ್ಲಿ ಕೂತು ನೋಡುತ್ತಿದ್ದ ಆಯಿಷಾಳಿಗೂ ಒಂದು ನುಡಿ ಸಿಕ್ಕಿತು. ನನ್ನ ಕೈ ದಣಿಯಿತು. ಆಯಿಷಾ ಅಲ್ಲಿಂದಲೇ ಕಣ್ಸನ್ನೆ ಮಾಡಿದಳು. ಕೈ ಇಳಿಸಿ ತೊಡೆಯ ಮೇಲಿಟ್ಟು ಸುಮ್ಮನೆ ಹಾಡು ಕೇಳುತ್ತ ಕೂತೆ. ಅತ್ತೆಯ ದನಿ ಎಂಥದೆಂದು ನನಗೆ ಗೊತ್ತಾದದ್ದೂ ಆಗಲೇ. ಎಲ್ಲರ ಕಣ್ಣೂ ಒದ್ದೆ.

ಊಟಕ್ಕೆ ಎದ್ದಾಗ ನಾದಿನಿ ನನ್ನ ಕೈ ಹಿಡಿದುಕೊಂಡು, "ಅತ್ತಿಗೆ, ಮೊದಮೊದ್ಲು ಸ್ವಲ್ಪ ಗಲಾಟೆ ಅನ್ನಿಸ್ತು. ಕೊನೆಕೊನೇಲಿ ಮಾತ್ರ ಎಷ್ಟು ಚೆನ್ನಾಗಿ ನುಡಿಸಿದ್ರಿ!" ಎಂದಳು.

"ಎಲ್ಲಾ ಪ್ರಾಕ್ಟೀಸು ಕಣಮ್ಮ" ಎಂದೆ.